ಗಿರಣಿ ಕಡೆ, ಕೆರೆ ಕಡೆ

ಕುಸುಮವ್ವ ರೊಟ್ಟಿಯ ಬುತ್ತಿ ಹಿಡಿದು ಕದ ತೆಗೆದರೆ, ಓಣಿ ಇವತ್ತೂ ಜುಬೇದಾಳ ಮನೆಗೆ ಹೋಗುತ್ತಿರಲಿಲ್ಲ. ಆ ಊರಿನಲ್ಲಿ ಸಂಜೆ ಮನೆಗೊಬ್ಬರು ಫೋನಿನ ಆಟದಲ್ಲಿ ತಮ್ಮ ಓಣಿಯ ಬಿಲ್ಲೆಯನ್ನು ಬೇಕಾದ ಕಡೆ ತಿರುಗಿಸಿ ಇಡುತ್ತಾರೆ. ಬೆಳಗಾದರೆ ನೆಲವೂ ಹಾಗೇ ತಿರುಗಿರುತ್ತದೆ. ಎರಡು ಓಣಿ ಒಂದೇ ಕಡೆ ತಿರುಗಿದ್ದರೆ ಮಾತ್ರ ಒಂದಕ್ಕೊಂದು ಕೂಡುತ್ತವೆ. ಓಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಕಾಲು ಮುರಿದು ಮಲಗಿದ ಗೆಳತಿಗೆ ನಾಲ್ಕು ದಿನದಿಂದ ರೊಟ್ಟಿ ತಲುಪಿರಲಿಲ್ಲ. ಯಾಕೆಂದು ತಲೆಬುಡ ತಿಳಿಯದೆ ಕುಸುಮವ್ವ ಅವಳಿಗೆ ಫೋನ್ ಹಚ್ಚಿದಳು.

"ನಿನ್ನೆ ನಿಂದು ಗಿರಣಿ ಕಡೆ ಇತ್ತಂತ ನಾನೂ ಗಿರಣಿ ಕಡೆ ತಿರುಗಿಸಿದ್ನಲ್ಲ."

"ನಿಂದು ಕೆರಿ ಕಡೆ ಇತ್ತಂತ ನಾ ಕೆರಿ ಕಡೆ ತಿರುಗಿಸಿದೆ," ಎಂದಳು ಜುಬೇದಾ. "ಇವತ್ತ ನಾ ಮುಟ್ಟಂಗಿಲ್ಲ. ನೀನ ತಿರುಗಿಸು."

ಸಂಜೆ ಕುಸುಮವ್ವ ಬಿಲ್ಲೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತಳು. ನಲವತ್ತು ವರ್ಷದಲ್ಲಿ ಜುಬೇದಾ ಒಂದು ದಿನವೂ ಸುಮ್ಮನೆ ಕೂತವಳಲ್ಲ. ಹೇಗೂ ಗಿರಣಿ ಕಡೆ ತಿರುಗಿಸಿಯೇ ತಿರುಗಿಸುತ್ತಾಳೆ. ಕುಸುಮವ್ವ ತನ್ನದನ್ನು ಇದ್ದ ಹಾಗೇ ಬಿಟ್ಟಳು.

ಬೆಳಿಗ್ಗೆ ಅವಳ ಓಣಿ ಗಿರಣಿಗೇ ಹೋಗಿತ್ತು, ಜುಬೇದಾಳದು ಕೆರೆಗೇ.

"ಆಣಿ ಮಾಡಿ ಹೇಳ್ತೀನಿ, ನಾ ಮುಟ್ಟೇ ಇಲ್ಲ," ಎಂದಳು ಜುಬೇದಾ ಫೋನಿನಲ್ಲಿ. "ನೀ ಯಾಕ ತಿರುಗಿಸ್ಲಿಲ್ಲ?"

ನಿನ್ನ ಮಾತು ನಂಬಲಿಲ್ಲ ಎನ್ನಲು ಕುಸುಮವ್ವನಿಗೆ ಬಾಯಿ ಬರಲಿಲ್ಲ.

"ತಿರುಗಿಸಿದ್ನಲ್ಲ," ಎಂದಳು. "ಆಟದಾಗ ಏನೋ ಕೆಟ್ಟೈತಿ."