ಕಣ್ಣು ಬಿದ್ದ ಹೊಲ

ಒಂದು ಕಣ್ಣು ಮುಚ್ಚಿ, ಕುಂಚ ಹಿಡಿದ ಕೈಯನ್ನು ಮುಂದಕ್ಕೆ ಚಾಚಿ ಪರಮಶಿವಪ್ಪ ಗೋವಿನಜೋಳದ ಹೊಲದ ಅಳತೆ ಹಿಡಿಯುತ್ತಿದ್ದಾಗಲೇ ಆ ಹೊಲದ ಒಡತಿ ಹುಲಿಯಮ್ಮ ಬದುವಿನ ಮೇಲೆ ಬಂದು ನಿಂತಳು. ಶಿರಾಳಕೊಪ್ಪದಲ್ಲಿ ಪಾತ್ರೆ ಅಂಗಡಿ ಇಟ್ಟುಕೊಂಡಿರುವ ದೊಡ್ಡ ಮನುಷ್ಯ ತೊಗರ್ಸಿ ರಸ್ತೆಯ ಬೇವಿನ ಮರದಡಿ ಮಡಚುವ ಕುರ್ಚಿ ಹಾಕಿಕೊಂಡು ತನ್ನ ಬೆಳೆಯನ್ನು ಒಕ್ಕಣ್ಣಲ್ಲಿ ನೋಡುತ್ತಿರುವುದು ಅವಳಿಗೆ ಒಂಚೂರೂ ಸರಿಬರಲಿಲ್ಲ.

"ಸಾವ್ಕಾರ್ರೇ, ಆವಾಗಿಂದ ನೋಡ್ತಾ ಇದೀನಿ. ನನ್ ಹೊಲನ ಏನು ನುಂಗೋ ಹಂಗೆ ನೋಡ್ತಾ ಕುಂತೀರಲ್ಲ?"

ಚಿತ್ರ ಬರೆಯುತ್ತಿದ್ದೇನೆ ಎಂದು ಹೇಳಿ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಎದುರಿಗೆ ಯಾರು ಬಂದರೂ ಬೆಣ್ಣೆ ಹಚ್ಚುವುದು ವ್ಯಾಪಾರಿಯ ಬಾಯಿಗೆ ರೂಢಿಯಾಗಿತ್ತು. ಎಂಥ ಬೆಳೆ ತೆಗೆದಿದ್ದೀರಮ್ಮ, ಈ ಸುತ್ತಿನಲ್ಲೇ ಇಂಥ ತೆನೆ ಕಂಡಿಲ್ಲ ಎಂದುಬಿಟ್ಟ. ಹುಲಿಯಮ್ಮನ ಮುಖ ಕಪ್ಪಿಟ್ಟಿತು. ಬೆಳೆಯ ಕಡೆ ತಿರುಗಿ ಥೂ ಥೂ ಎಂದು ಉಗಿದಳು. ಹೋದ ವರ್ಷ ಬಸ್ಸು ತಪ್ಪಿಸಿಕೊಂಡ ಯಾವನೋ ಇದೇ ಮರದಡಿ ನಿಂತು ಹೀಗೇ ಹೊಗಳಿ ಹೋಗಿದ್ದನಂತೆ. ವಾರದೊಳಗೆ ಸುಳಿಸುಳಿಗೂ ಹುಳ. ಅವನಾದರೂ ನಿಂತು ನೋಡಿದವನು, ನೀವು ಕುರ್ಚಿ ಹಾಕಿಕೊಂಡೇ ಕುಂತಿದ್ದೀರಿ ಎಂದು ದಬಾಯಿಸಿದಳು. ಚಿತ್ರ ಎಷ್ಟು ಬೇಕಾದರೂ ಬರೆದುಕೊಳ್ಳಲಿ, ಅದಕ್ಕೆ ಅವಳ ಅಡ್ಡಿಯಿಲ್ಲ. ಹೊಲ ಮಾತ್ರ ನೋಡಕೂಡದು.

ಪರಮಶಿವಪ್ಪನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ನೋಡದೆ ಬರೆಯುವುದರಲ್ಲಿ ಅವನದು ಪಳಗಿದ ಕೈ. ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬರೆದ ಹೊಲಗಳೆಲ್ಲ ಹಾಗೇ ಹುಟ್ಟಿದವು. ಒಂದೇ ಎತ್ತರದ ಪೈರು, ಗುಡಿಸಿಟ್ಟಂಥ ಬದು, ಮೂಲೆಯಲ್ಲೊಂದು ನವಿಲು. ಹೆಂಡತಿ ನಿರ್ಮಲಮ್ಮ ತರಕಾರಿ ಹೆಚ್ಚುತ್ತಾ, ತಲೆ ಎತ್ತದೆ, ಎಲ್ಲದಕ್ಕೂ "ಚೆನ್ನಾಗಿದೆ" ಅನ್ನುತ್ತಿದ್ದಳು. ಅವನು ಚಿತ್ರ ಕಲಿಯಲು ಹೋಗುವ ಸೊರಬದ ಡ್ರಾಯಿಂಗ್ ಮೇಷ್ಟ್ರು ಶಿವಶಂಕರ ಮಾತ್ರ ಒಯ್ದದ್ದನ್ನೆಲ್ಲ ಕ್ಯಾಲೆಂಡರ್ ಎಂದು ಪಕ್ಕಕ್ಕೆ ಸರಿಸುತ್ತಿದ್ದರು. ಈ ಸಲ ಹೊಲದ ಎದುರಿಗೇ ಕೂತು ಬರೆದದ್ದನ್ನು ತನ್ನಿ, ಅದೂ ಕ್ಯಾಲೆಂಡರ್ ಆದರೆ ಇನ್ನು ಬರುವುದೇ ಬೇಡ ಅಂದಿದ್ದರು. ಆ ಮಾತು ಅವನಿಗೆ ಚೆನ್ನಾಗಿಯೇ ನಾಟಿತ್ತು. ಬದುಕಿನಲ್ಲಿ ಮೊದಲ ಸಲ ಕಣ್ಣುಬಿಟ್ಟು ನೋಡಲು ಬಂದವನಿಗೆ ಈಗ ನೋಡಬೇಡ ಅಂದರೆ ಹೇಗೆ?

ಹೊಗಳಿದ್ದನ್ನು ವಾಪಸು ತೆಗೆದುಕೊಳ್ಳೋಣವೆಂದು, ಅಂಥ ಬೆಳೆಯೇನಲ್ಲ ಬಿಡಿ, ಅಗೋ ಆ ಮೂಲೆಯಲ್ಲಿ ಎಲೆ ಹಳದಿ ತಿರುಗಿದೆ ಅಂದ. ಹುಲಿಯಮ್ಮನ ಹುಬ್ಬು ಸಡಿಲವಾಯಿತು.

"ಹಂಗೆ ಹೇಳ್ರಿ ಮತ್ತೆ. ನೋಡಿದಾಗೆಲ್ಲ ಒಂದೊಂದು ಹುಳುಕು ಹೇಳ್ತಾ ನೋಡ್ರಿ. ಆಗ ಕಣ್ಣು ತಗಲಂಗಿಲ್ಲ."

ಅಷ್ಟು ಹೇಳಿ ಮರದಡಿ ಕಾವಲು ಕೂತೇಬಿಟ್ಟಳು. ಮೊದಮೊದಲು ಸುಲಭವಿತ್ತು. ಹಂದಿ ಹೊರಳಾಡಿ ಮಲಗಿಸಿದ ದಂಟುಗಳು, ಮಳೆಗೆ ಕುಸಿದ ಬದು. ಬರಬರುತ್ತಾ ಹುಳುಕುಗಳೇ ಸಿಗದಂತಾದವು. ಸುಮಾರಾಗಿದೆ ಅಂದರೆ ಅವಳು ಒಪ್ಪುತ್ತಿರಲಿಲ್ಲ, ಎಲ್ಲಿ ತೋರಿಸಿ ಅನ್ನುತ್ತಿದ್ದಳು. ಹಾಗಾಗಿ ಅವನು ಹುಡುಕಿ ಹುಡುಕಿ ನೋಡಬೇಕಾಯಿತು. ಪೈರಿನಲ್ಲಿ ಒಂದರ ಎತ್ತರ ಇನ್ನೊಂದಕ್ಕಿರಲಿಲ್ಲ. ಹಂದಿ ಬೆದರಲೆಂದು ಹೊಲದ ಸುತ್ತ ಕಟ್ಟಿದ ಹಳೇ ಸೀರೆಗಳಲ್ಲಿ ಕೆಂಪಿನದು ಬಿಸಿಲಿಗೆ ಬಣ್ಣಗೆಟ್ಟು ನೀರುಚಹಾದಂತಾಗಿತ್ತು. ಬಾಯಿ ಹೇಳುತ್ತಿದ್ದಂತೆ ಕೈ ಬರೆಯುತ್ತಿತ್ತು. ಒಮ್ಮೆಯಂತೂ, ಬುಡದ ನೆರಳು ಹಸಿರೇ ಅಲ್ಲ, ನೇರಳೆ ಅಂದುಬಿಟ್ಟ. ಹುಲಿಯಮ್ಮ ರೋಗವೇನೋ ಎಂದು ಗಾಬರಿಯಾಗಿ ಓಡಿಹೋಗಿ, ಬಗ್ಗಿ ಬಗ್ಗಿ ನೋಡಿ, ನನಗೇನೂ ಕಾಣಲಿಲ್ಲ, ಆದರೂ ಇರಲಿ, ಇದು ದೊಡ್ಡ ಹುಳುಕೇ ಎಂದು ಖುಷಿಯಿಂದ ಬಂದು ಕೂತಳು.

ಬಿಸಿಲು ಇಳಿಯುವ ಹೊತ್ತಿಗೆ ಹೇಳಲೂ ಏನೂ ಉಳಿಯಲಿಲ್ಲ, ಬರೆಯಲೂ ಏನೂ ಉಳಿಯಲಿಲ್ಲ. ನವಿಲು ಕೂರಬೇಕಾದ ಮೂಲೆಯಲ್ಲಿ ಕುಸಿದ ಬದುವಿತ್ತು. ಇದು ತನ್ನ ಕೈಯಿಂದಲೇ ಬಂತೇ ಎಂದು ಪರಮಶಿವಪ್ಪನಿಗೆ ಹೆದರಿಕೆಯೂ ಆಯಿತು, ಹಿಗ್ಗೂ ಆಯಿತು. ಒಬ್ಬರ ಬಾಯಿಂದ ಒಂದು ಒಳ್ಳೆಯ ಮಾತು ಕೇಳದೆ ಇರಲಾರದೆ, ಹಲಗೆಯನ್ನು ಹುಲಿಯಮ್ಮನ ಕಡೆ ತಿರುಗಿಸಿ ಹೇಗಿದೆ ಎಂದು ಕೇಳಿದ.

ಅವಳು ಎದ್ದು ಹತ್ತಿರ ಬಂದಳು. ಬಣ್ಣಗೆಟ್ಟ ಸೀರೆಯ ಮೇಲೆ ಬೆರಳಾಡಿಸಲು ಹೋಗಿ, ಹಸಿ ಇದೆಯೆಂದು ಕೈ ಹಿಂದೆಗೆದಳು. ಹೊಲದ ಕಡೆ ನೋಡಿದಳು, ಚಿತ್ರ ನೋಡಿದಳು, ಮತ್ತೆ ಹೊಲ ನೋಡಿದಳು. ಕಣ್ಣು ಅರಳಿತು. ಏನೋ ಹೇಳಲು ತೆರೆದ ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಂಡಳು. ಆಮೇಲೆ ತಟ್ಟೆಯಲ್ಲಿದ್ದ ಕಪ್ಪು ಬಣ್ಣಕ್ಕೆ ಬೆರಳು ಅದ್ದಿ, ಪರಮಶಿವಪ್ಪ ಯಾವಾಗಲೂ ದೊಡ್ಡದಾಗಿ ಸಹಿ ಹಾಕುವ ಕೆಳಗಿನ ಮೂಲೆಯಲ್ಲಿ, ಕೂಸಿನ ಕೆನ್ನೆಗೆ ಇಡುವ ಹಾಗೆ ಒಂದು ಬೊಟ್ಟು ಒತ್ತಿದಳು.

"ಏನೂ ಚೆನ್ನಾಗಿಲ್ಲ ಬಿಡ್ರಿ" ಅಂದಳು. "ಮನೆ ಮುಟ್ಟೋ ತನಕ ಇದನ್ನ ಯಾರಿಗೂ ಕಾಣದಂಗೆ ಮುಚ್ಕೊಂಡು ಹೋಗ್ರಿ."