ಹದಿನೇಳನೆಯ ಎಳೆ

“ಅಮ್ಮಿ, ಕುಛ್ ತೋ ಬೋಲೋ,” ಎಂದು ಏನಾದರೂ ಮಾತಾಡುವಂತೆ ಬೇಡುತ್ತ ತೌಸಿಫ ತಾಯಿಯ ಮುಖದ ಹತ್ತಿರ ಬಾಗಿದ. ಲಕ್ವಾ ಹೊಡೆದು ಇಪ್ಪತ್ತು ದಿನವಾಗಿತ್ತು. ಮೌಲಾಬಿಯ ಬಾಯಿಂದ ಮನೆಮಾತಾದ ಉರ್ದುವಿನ ಒಂದು ಶಬ್ದವೂ ಹೊರಟಿರಲಿಲ್ಲ.

“ನೀ ಸ್ವಲ್ಪ ಆಚಿ ಸರಿ,” ಎಂದಳು ನೆರೆಮನೆಯ ಚಂದವ್ವ. ಇಳಕಲ್ಲಿನ ಆ ಓಣಿಯಲ್ಲಿ ಅವಳೂ ಮೌಲಾಬಿಯೂ ಎದುರುಬದುರು ಕೂತು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆ ಕೂಡಿಸುತ್ತ ನಲವತ್ತು ವರ್ಷ ಕಳೆದವರು. ಚಂದವ್ವ ಮಡಿಲಲ್ಲಿದ್ದ ಕೆಂಪು ರೇಷ್ಮೆಯನ್ನು ಗೆಳತಿಯ ಬೆರಳಿಗೆ ತಾಗಿಸಿ, ಎಂದಿನಂತೆ ಒಂದೊಂದೇ ಎಳೆ ಬಿಡಿಸಿ ಎಣಿಸತೊಡಗಿದಳು. ಹದಿನೈದಕ್ಕೆ ಬರುವಾಗ ಮೌಲಾಬಿಯ ತುಟಿ ಅಲುಗಿತು. ಅದನ್ನು ಕಂಡು ಚಂದವ್ವನ ಕಣ್ಣು ತುಂಬಿ ಬಂತು. “ಹದಿನಾರ... ಹದಿನೆಂಟ,” ಎಂದಳು.

ಮೌಲಾಬಿ ಅವಳ ಮಣಿಕಟ್ಟು ಹಿಡಿದಳು. “ಹದಿನೇಳ,” ಎಂದಳು. ಮಾತು ತೊದಲಿತು, ಆದರೂ ಅದರಲ್ಲಿ ಹಳೆಯ ಸಿಟ್ಟು ಇತ್ತು.

ತೌಸಿಫ ಬೆರಗಾದ. “ಕಾಕಿ, ನಾ ಇಷ್ಟು ದಿನ ಉರ್ದುದಾಗ ಕರದರೂ ಮಾತು ಬರಲಿಲ್ಲ, ಕನ್ನಡ ಹೆಂಗ ಬಂತು?”

“ಅಕಿ ಎಳಿ ಎಣಿಸಿದ್ದೆಲ್ಲಾ ನನ್ನ ಕೂಡನ ಅಲ್ಲೇನೊ? ಸುಮ್ನಿರು. ಮತ್ತ ಎಣಿಕಿ ತಪ್ಪಿದ್ರ ನನ್ನ ಬೈತಾಳ.”

“ಹದಿನೆಂಟ,” ಎಂದಳು ಮೌಲಾಬಿ.