ಗಂಟೆಯ ಹಗ್ಗ

ಭಾನುವಾರ ಬೆಳಿಗ್ಗೆ ಚರ್ಚಿನ ಗೋಪುರದ ಬಾಗಿಲು ತೆರೆದರೆ ಹಗ್ಗವೇ ಇರಲಿಲ್ಲ.

ಗಂಟೆಮಾಮ ತಲೆ ಎತ್ತಿ ನೋಡಿದರು. ಮೇಲೆ ಗಂಟೆ ಇತ್ತು. ಹಗ್ಗವನ್ನು ಮಾತ್ರ ಯಾರೋ ಬಿಚ್ಚಿಕೊಂಡು ಹೋಗಿದ್ದರು. ನಲವತ್ತೊಂದು ವರ್ಷ ಅದನ್ನು ಎಳೆದೂ ಎಳೆದೂ ಅವರ ಅಂಗೈ ಚರ್ಮ ದಡ್ಡುಗಟ್ಟಿತ್ತು, ನಿಜವಾದ ಹೆಸರು ಜನಕ್ಕೆ ಮರೆತೇ ಹೋಗಿತ್ತು. ಮದುವೆಗೊಂದು ಬಡಿತ, ಸಾವಿಗೊಂದು ಬಡಿತ. ಬಿಡುವಿಲ್ಲದೆ ಒಂದೇ ಸಮನೆ ಬಡಿದರೆ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹೊರಗೆ ಓಡಿ ಎಂದರ್ಥ. ಹಿಂದೊಮ್ಮೆ ಪೀಠದ ಪರದೆಗೆ ಬೆಂಕಿ ತಗುಲಿದಾಗ ಆ ಬಡಿತಕ್ಕೆ ಇಡೀ ಚರ್ಚು ಎರಡೇ ನಿಮಿಷದಲ್ಲಿ ಖಾಲಿಯಾಗಿತ್ತು. ಆ ಕಥೆಯನ್ನು ಮಾಮ ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು.

ಗುರುಗಳು ಪೂಜೆಯ ಉಡುಪು ತೊಡುತ್ತಿದ್ದರು.

"ಹಗ್ಗ ಎಲ್ಲಿ ಫಾದರ್?"

"ನನ್ನ ಹತ್ತಿರ ಇದೆ. ಸದ್ಯಕ್ಕೆ ಗಂಟೆ ಬೇಡ."

"ಯಾಕೆ?"

"ಹೇಳೋ ಹಾಗಿಲ್ಲ ಮಾಮ. ಬಿಷಪ್ಪರು ನನ್ನ ಬಾಯಿ ಕಟ್ಟಿದ್ದಾರೆ. ಪುಣ್ಯಕ್ಕೆ ಕೈ ಕಟ್ಟಿಲ್ಲ."

ಚರ್ಚಿಗೆ ನೂರು ತುಂಬುವ ವರ್ಷವದು. ಬಂದು ಎಂಟು ತಿಂಗಳೂ ಆಗದ ಈ ಗುರುಗಳು ಅದೇ ವರ್ಷ ಎಲ್ಲರ ತಾಳ್ಮೆ ಪರೀಕ್ಷಿಸಲು ಹೊರಟರು. ಮುಂದಿನ ವಾರ ಅಟ್ಟಕ್ಕೆ ಬೀಗ ಬಿತ್ತು. ಗೋಪುರಕ್ಕೆ ಒತ್ತಿಕೊಂಡಿದ್ದ ಆ ಅಟ್ಟದಲ್ಲಿ ಗಾನವೃಂದ ನಿಂತು ಹಾಡುತ್ತಿತ್ತು. ಅದನ್ನು ನಡೆಸುತ್ತಿದ್ದವಳು ಮಾಮನ ಒಬ್ಬಳೇ ಮಗಳು. ಅವಳೀಗ ಪೀಠದ ಪಕ್ಕದ ಮೂಲೆಯಲ್ಲಿ, ತಪ್ಪು ಮಾಡಿದ ಶಾಲೆ ಹುಡುಗಿಯ ಹಾಗೆ ನಿಂತು ಹಾಡಬೇಕಾಯಿತು. ಮಾಮನಿಗೆ ಹೊಟ್ಟೆ ಉರಿದುಹೋಯಿತು. ಆಮೇಲೆ ಹಿಂದಿನ ಏಳು ಸಾಲಿನ ಬೆಂಚುಗಳು ಅಂಗಳ ಸೇರಿದವು. ಒಂದು ಪೂಜೆ ಮೂರು ಪೂಜೆಯಾಯಿತು, ಒಂದೊಂದಕ್ಕೂ ಬೆರಳೆಣಿಕೆಯ ಜನ.

ಒಂದು ದಿನ ಅಳತೆ ಟೇಪು ಹಿಡಿದ ಇಬ್ಬರು ಅಪರಿಚಿತರು ಬಂದು ಗೋಡೆಯಿಂದ ಗೋಡೆಗೆ ಅಳೆದು ಹೋದರು.

"ಅವರೇನು ಅಂಗಿ ಹೊಲಿಸೋಕೆ ಬಂದಿದ್ರಾ?" ಎಂದು ಕೇಳಿದ, ಎದುರು ಅಂಗಡಿಯ ದರ್ಜಿ. "ಚರ್ಚಿಗೆ ಜನಾನೇ ಬರಲ್ಲ ಅಂತ ತೋರಿಸಿ ಜಾಗ ಮಾರ್ತಾರೆ, ನೋಡ್ತಾ ಇರಿ."

ಎಲ್ಲರಿಗೂ ಹೌದೆನಿಸಿತು.

ಗಾಜಿನ ವಿಷಯವಂತೂ ನಗೆಪಾಟಲಾಯಿತು. ಗೋಪುರದ ಒಳಗೋಡೆಗೆ, ಅಟ್ಟದ ಬುಡಕ್ಕೆ, ಗುರುಗಳು ಬೆರಳಗಲದ ಗಾಜಿನ ಪಟ್ಟಿಗಳನ್ನು ಗಾರೆಯಿಂದ ಅಂಟಿಸಿ ಪಕ್ಕದಲ್ಲಿ ಪೆನ್ಸಿಲಿನಿಂದ ತಾರೀಖು ಬರೆದಿದ್ದರು. ದಿನಾ ಬೆಳಿಗ್ಗೆ ಟಾರ್ಚು ಹಿಡಿದು, ಜಪಮಣಿ ಎಣಿಸುವವರಂತೆ ಒಂದೊಂದನ್ನೇ ಮುಟ್ಟಿ ನೋಡುವರು. ಮನುಷ್ಯನಿಗೆ ತಲೆ ಕೆಟ್ಟಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಈ ಗುರುಗಳನ್ನು ಬದಲಿಸಿ ಎಂದು ಬಿಷಪ್ಪರಿಗೆ ಮನವಿ ಬರೆದವಳು ಮಗಳು. ಮನೆಮನೆ ಅಲೆದು ಸಹಿ ಹಾಕಿಸಿದವರು ಮಾಮ. ಮುನ್ನೂರು ಸಹಿಯ ಕಾಗದ ನೋಡಿ ಬಿಷಪ್ಪರು ಸಿಡುಕುತ್ತಾರೆಂದು ಮಾಮ ಹೆದರಿದ್ದರು. ಬಿಷಪ್ಪರು ಎದ್ದು ಬಂದು ಕೈ ಹಿಡಿದುಕೊಂಡರು.

"ಅವರ ಜೊತೆ ಏಗಿ ನನಗೂ ಸಾಕಾಗಿತ್ತು. ನೀವೇ ಬಂದದ್ದು ಒಳ್ಳೇದಾಯ್ತು. ಶತಮಾನೋತ್ಸವಕ್ಕೆ ಯಾವ ತೊಡಕೂ ಬರಬಾರದು."

ಹತ್ತೇ ದಿನದಲ್ಲಿ ವರ್ಗಾವಣೆ. ಗುರುಗಳು ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ಹೆಗಲಿಗೆ ಸುರುಳಿ ಸುತ್ತಿದ ಹಗ್ಗ ಹಾಕಿಕೊಂಡು ಹೊರಟಾಗ ದರ್ಜಿಯ ಅಂಗಡಿಯಲ್ಲಿ ಶಿಳ್ಳೆ ಬಿತ್ತು. ಅವರು ಮಾಮನ ಮುಂದೆ ಮಾತ್ರ ನಿಂತರು.

"ಆ ಗಾಜುಗಳನ್ನ ಕೀಳಬೇಡಿ. ಒಂದು ಒಡೆದರೂ ಸರಿ, ನನಗೆ ಫೋನ್ ಮಾಡಿ. ಆಣೆ ಮಾಡಿ ಮಾಮ."

ಪೀಡೆ ತೊಲಗಿದರೆ ಸಾಕೆಂದು ಮಾಮ ಆಣೆ ಮಾಡಿದರು.

ಶತಮಾನೋತ್ಸವದ ಬೆಳಿಗ್ಗೆ ಹೊಸ ಗುರುಗಳೇ ನಿಂತು ಹೊಸ ಹಗ್ಗ ಕಟ್ಟಿಸಿದರು. ಬೆಂಚುಗಳು ಒಳಗೆ ಬಂದವು. ಅಟ್ಟದ ಬೀಗ ತೆಗೆದರು. ಒಂದೇ ಪೂಜೆ, ಕಾಲಿಡಲು ಜಾಗವಿಲ್ಲ, ಅಟ್ಟದ ಮೆಟ್ಟಿಲ ಮೇಲೂ ಜನ. ಪೀಠದಲ್ಲಿ ಬಿಷಪ್ಪರು, ಮೇಲೆ ನಲವತ್ತು ಜನರ ನಡುವೆ ಮಗಳು. ಗೋಪುರದೊಳಗೆ ಮಾಮ ಕಣ್ಣೊರೆಸಿಕೊಂಡು ಹಗ್ಗ ಹಿಡಿದರು. ಇಷ್ಟು ಸುಖ ಅವರಿಗೆ ಮಗಳು ಹುಟ್ಟಿದ ದಿನವೂ ಆಗಿರಲಿಲ್ಲ.

ನಡುನಡುವೆ ಬಿಡುವು ಕೊಟ್ಟು ಹತ್ತು ಬಡಿತ, ಇಪ್ಪತ್ತು. ಮೂವತ್ತಾಗುವಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಟಕ್ ಎಂದಿತು. ಪಕ್ಕದ ಗೋಡೆಯ ಗಾಜು ಎರಡು ತುಂಡಾಗಿತ್ತು.

ಮಾಮನಿಗೆ ನಗು ಬಂತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಫೋನು. ಆಣೆ ತೀರಿಸಿದ ಹಾಗೂ ಆಯಿತು, ಸೇಡು ತೀರಿದ ಹಾಗೂ ಆಯಿತು.

"ಫಾದರ್, ನಿಮ್ಮ ಗಾಜು ಒಡೀತು! ನನ್ನ ಗಂಟೆ ಕೇಳಿಸ್ತಿದೆಯಾ?"

ಆ ಕಡೆಯಿಂದ ಗುರುಗಳು ಕೂಗಿದರು.

"ನಿಲ್ಲಿಸಿ ಮಾಮ. ಇನ್ನೊಂದು ಏಟೂ ಬೇಡ. ಗೋಡೆ ಬಿರೀತಿದೆಯಾ ಅಂತ ನೋಡೋಕೇ ಆ ಗಾಜು ಹಾಕಿದ್ದು. ಗಂಟೆಯ ಅದುರಿಗೆ ಗೋಪುರ ಅಟ್ಟದ ಮೇಲೆ ಬೀಳುತ್ತೆ ಅಂತ ಎಂಜಿನಿಯರು ಬರೆದುಕೊಟ್ಟಿದ್ದರು. ಉತ್ಸವ ಮುಗಿಯೋವರೆಗೂ ಯಾರಿಗೂ ಹೇಳಬೇಡಿ ಅಂದರು ಬಿಷಪ್ಪರು. ಎಲ್ಲರನ್ನೂ ಹೊರಗೆ ಕಳಿಸಿ. ಈಗಲೇ!"

ಬೆಳಿಗ್ಗೆ ಗಾಜಿನ ಹಿಂದೆ ಕೂದಲೆಳೆಯಷ್ಟಿದ್ದ ಗೀರಿನಲ್ಲಿ ಈಗ ಕಿರುಬೆರಳು ತೂರುತ್ತಿತ್ತು. ಇನ್ನೊಂದು ಟಕ್. ಮಾಮ ಚರ್ಚಿನೊಳಕ್ಕೆ ತೆರೆಯುವ ಬಾಗಿಲು ತಳ್ಳಿದರು. ಆಚೆ ಜನ ಬಾಗಿಲಿಗೇ ಬೆನ್ನು ಒತ್ತಿ ನಿಂತಿದ್ದರು, ಅದು ಅಲುಗಲಿಲ್ಲ. ಓಡಿ, ಓಡಿ ಎಂದು ಕಿರುಚಿದರು. ಒಳಗೆ ಎಂಟುನೂರು ಜನ ಒಂದೇ ಕೊರಳಿನಲ್ಲಿ ಹಾಡುತ್ತಿದ್ದರು. ಎಲ್ಲಕ್ಕಿಂತ ಮೇಲೆ ಕೇಳುತ್ತಿದ್ದದ್ದು ಮಗಳ ದನಿ.

ಅಷ್ಟು ಜನರನ್ನು ಎರಡೇ ನಿಮಿಷದಲ್ಲಿ ಹೊರಗೆ ಓಡಿಸುವ ಒಂದೇ ಒಂದು ದಾರಿ ಮಾಮನಿಗೆ ಗೊತ್ತಿತ್ತು, ಅದರ ಹಗ್ಗ ಇನ್ನೂ ಅವರ ಕೈಯಲ್ಲೇ ಇತ್ತು.